ಚೇಂಬರ್‌ಗೆ ಹೋಗಿದ್ದು ಯಾವ ಆಯಿಲ್?

ಕಾರು ಸರ್ವೀಸ್ ಮಾಡಿಸಿ ಬಿಡಿಸಿಕೊಂಡು ಬರುವಾಗ ನಾವೆಲ್ಲ ಬಿಲ್ಲಿನಲ್ಲಿ ಓದುವುದು ಒಂದೇ ಸಾಲು, ಕೊನೆಯದು. ಅದರ ಮೇಲಿರುವುದೆಲ್ಲ ನಂಬಿಕೆ. ಟೈರ್ ಹೊಸದೋ ಹಳೆಯದೋ ಕಣ್ಣಿಗೆ ಕಾಣುತ್ತದೆ. ವೈಪರ್ ಕಾಣುತ್ತದೆ. ಬ್ಯಾಟರಿ ಕೂಡ ಬಾನೆಟ್ ಎತ್ತಿದರೆ ಕಾಣುತ್ತದೆ. ಎಂಜಿನ್ ಆಯಿಲ್ ಮಾತ್ರ, ಬಿಲ್ಲಿನಲ್ಲಿ ದೊಡ್ಡ ಮೊತ್ತ ಹೆಚ್ಚಾಗಿ ಅದರದ್ದೇ ಆದರೂ, ದುಡ್ಡು ಕೊಟ್ಟವರು ನೋಡದೇ ಇರುವ ಸಾಮಾನು. ಅದನ್ನು ಹಾಕುವ ಹೊತ್ತಿಗೆ ನಾವು ಗಾಜಿನ ಆಚೆ ಎಸಿ ಕೆಳಗೆ ಕೂತು, ಸಕ್ಕರೆ ಜಾಸ್ತಿಯಾದ ಮೆಷಿನ್ ಕಾಫಿ ಕುಡಿಯುತ್ತಾ, ಟೀವಿಯಲ್ಲಿ ಸೌಂಡಿಲ್ಲದ ನ್ಯೂಸ್ ನೋಡುತ್ತಿರುತ್ತೇವೆ.

ನಮ್ಮ ಮನೆಯಲ್ಲಿ ಬಿಲ್ ಓದುವವಳು ನನ್ನ ಹೆಂಡತಿ. ಬ್ಯಾಂಕಿನಲ್ಲಿ ಕೆಲಸ. ಯಾವ ಕಾಗದ ಕೈಗೆ ಬಂದರೂ ಮೇಲಿಂದ ಕೆಳಗಿನ ತನಕ ಓದದೆ ಫೈಲಿಗೆ ಹಾಕುವುದಿಲ್ಲ. ಶಿವಮೊಗ್ಗದಲ್ಲಿ ಕಾರು ಸರ್ವೀಸ್ ಮಾಡಿಸಿಕೊಂಡು ಸಾಗರಕ್ಕೆ ಬಂದ ರಾತ್ರಿ, ಊಟ ಆದ ಮೇಲೆ ಕೇಳಿದಳು. "ರೀ, ನಮ್ಮ ಕಾರಿಗೆ 5ಡಬ್ಲ್ಯು-30 ಅಲ್ವಾ? ಹೋದ ಸಲದ ಬಿಲ್ಲಲ್ಲಿ ಹಾಗಿದೆ. ಇದರಲ್ಲಿ 15ಡಬ್ಲ್ಯು-40 ಅಂತಿದೆಯಲ್ಲ?"

ಗ್ಲೋವ್ ಬಾಕ್ಸಿನಿಂದ ಪುಸ್ತಕ ತಂದು ನೋಡಿದೆವು. ಅಲ್ಲಿ ಸ್ಪಷ್ಟವಾಗಿತ್ತು: 5ಡಬ್ಲ್ಯು-30, ಎಸಿಇಎ ಸಿ3. ಬಿಲ್ಲಿನಲ್ಲಿ ಇದ್ದದ್ದು 15ಡಬ್ಲ್ಯು-40, ಸಿಐ-4 ಪ್ಲಸ್. ಮೊದಲನೆಯದು ಆಯಿಲ್ ಎಷ್ಟು ದಪ್ಪ ಅನ್ನುವ ಗ್ರೇಡ್, ಎರಡನೆಯದು ಅದು ಎಂಥ ಎಂಜಿನ್‌ಗೆ ಅನ್ನುವ ದರ್ಜೆ. ನಮ್ಮದು ಬಿಎಸ್6 ಡೀಸೆಲ್ ಗಾಡಿ, ಸೈಲೆನ್ಸರ್ ಲೈನಿನಲ್ಲಿ ಡಿಪಿಎಫ್ ಅನ್ನುವ ಮಸಿ ಹಿಡಿಯುವ ಜಾಲರಿ ಇರುವಂಥದ್ದು. ವಾರಂಟಿ ಇನ್ನೂ ಉಳಿದಿತ್ತು.

ಬೆಳಿಗ್ಗೆ ಸರ್ವೀಸ್ ಅಡ್ವೈಸರ್‌ಗೆ ಫೋನ್ ಮಾಡಿದೆ. ಒಳ್ಳೆಯ ಹುಡುಗ, ಡಿಪ್ಲೊಮಾ ಮುಗಿಸಿ ಬಂದವನು, ಮಾತಿಗೆ ಮುಂಚೆ ನಗುವವನು.

"ಅಯ್ಯೋ ಏನೂ ತೊಂದರೆ ಇಲ್ಲ ಸರ್. ಅದು ಇನ್ನೂ ತಿಕ್ ಆಯಿಲ್. ಎಂಜಿನ್‌ಗೆ ಒಳ್ಳೇದೇ."

"ಒಳ್ಳೇದಾಗಿದ್ರೆ ಕಂಪನಿಯವರು ಪುಸ್ತಕದಲ್ಲಿ ಅದನ್ನೇ ಯಾಕಪ್ಪಾ ಬರೀಲಿಲ್ಲ?"

"ಸರ್, ಅದೆಲ್ಲ ಫಾರಿನ್ ಕ್ಲೈಮೇಟಿಗೆ ಸರ್. ನಮ್ಮ ಕಡೆ ಇದು ನಡೆಯುತ್ತೆ."

ಈ ಮಾತನ್ನು ಸುಮ್ನೆ ತಳ್ಳಿಹಾಕುವ ಹಾಗಿಲ್ಲ. ಅರ್ಧ ನಿಜ ಇದೆ ಅದರಲ್ಲಿ. ಆಯಿಲ್ ಡಬ್ಬಿಯ ಮೇಲಿನ ಅಂಕಿಗಳು ಬರುವುದು ಎಸ್‌ಎಇ ಅನ್ನುವ ಸಂಸ್ಥೆಯ ಜೆ300 ಅನ್ನುವ ಪಟ್ಟಿಯಿಂದ. ಡಬ್ಲ್ಯುಗಿಂತ ಮೊದಲು ಬರುವ ಅಂಕಿ ಚಳಿಯ ಲೆಕ್ಕ. 5ಡಬ್ಲ್ಯು ಆಯಿಲ್ ಮೈನಸ್ 30 ಡಿಗ್ರಿಯಲ್ಲೂ ಎಂಜಿನ್ ತಿರುಗಲು ಬಿಡುವಷ್ಟು ತೆಳ್ಳಗಿರಬೇಕು, 15ಡಬ್ಲ್ಯು ಮೈನಸ್ 20ರಲ್ಲಿ ಹಾಗಿದ್ದರೆ ಸಾಕು. ಸಾಗರದಲ್ಲಿ ಮೈನಸ್ 20 ಯಾವ ಕಾಲಕ್ಕೂ ಬರುವುದಿಲ್ಲ. ಆ ಮಟ್ಟಿಗೆ ಹುಡುಗ ಹೇಳಿದ್ದು ಸರಿ. ಎರಡನೇ ಅಂಕಿ 100 ಡಿಗ್ರಿ ಬಿಸಿಯಲ್ಲಿ ಆಯಿಲ್ ಎಷ್ಟು ದಪ್ಪ ಇರುತ್ತದೆ ಅನ್ನುವುದು. 30 ಅಂದರೆ 9.3ರಿಂದ 12.5 ಸೆಂಟಿಸ್ಟೋಕ್ಸ್ ಒಳಗೆ, 40 ಅಂದರೆ 12.5ರಿಂದ 16.3ರ ಒಳಗೆ. ಒಂದು ಮೆಟ್ಟಿಲು ದಪ್ಪ, ಅಷ್ಟೇ.

ಆದರೆ ಚಳಿ ಅಂದರೆ ಹಿಮವೇ ಬೀಳಬೇಕು ಅಂತೇನಿಲ್ಲ. ಎಂಜಿನ್ ಬಿಸಿಯಾದಾಗ ಇರುವ ಶಾಖಕ್ಕೆ ಹೋಲಿಸಿದರೆ ನಮ್ಮೂರಿನ ಬೆಳಗಿನ 20 ಡಿಗ್ರಿಯೂ ಚಳಿಯೇ. 40 ಡಿಗ್ರಿಯಲ್ಲಿ ಅಳೆದಾಗ ಸಾಮಾನ್ಯವಾಗಿ 5ಡಬ್ಲ್ಯು-30 ಆಯಿಲ್ 60-70 ಸೆಂಟಿಸ್ಟೋಕ್ಸ್ ಆಸುಪಾಸು ಇರುತ್ತದೆ, 15ಡಬ್ಲ್ಯು-40 ನೂರು ದಾಟುತ್ತದೆ. ಅದಕ್ಕಿಂತ ತಣ್ಣಗಾದ ಹಾಗೆ ಅಂತರ ಇನ್ನೂ ಹಿಗ್ಗುತ್ತದೆ. ಡಿಸೆಂಬರಿನಲ್ಲಿ ಬಾಟಲಿ ತಿರುಗಿಸಿ ಹಿಡಿದರೂ ಬೀಳದ ಕೊಬ್ಬರಿ ಎಣ್ಣೆಯನ್ನು ನೆನಪು ಮಾಡಿಕೊಳ್ಳಿ, ಅಷ್ಟು ಅತಿ ಅಲ್ಲ, ಆದರೆ ದಾರಿ ಅದೇ. ಕೀ ತಿರುಗಿಸಿದ ಮೊದಲ ಕೆಲವು ಸೆಕೆಂಡು ಆಯಿಲ್ ಎಂಜಿನ್ ತಳದ ಚೇಂಬರಿನಿಂದ ಪಂಪ್ ಹತ್ತಿ, ಫಿಲ್ಟರ್ ದಾಟಿ, ಹೆಡ್ಡಿನ ತನಕ ಹೋಗಬೇಕು. ಟರ್ಬೋ ಶಾಫ್ಟ್ ನಿಮಿಷಕ್ಕೆ ಲಕ್ಷ ಸುತ್ತು ದಾಟುವಂಥದ್ದು, ಅದು ತೇಲುವುದೇ ಈ ಆಯಿಲ್ ಪದರದ ಮೇಲೆ. ಟೈಮಿಂಗ್ ಚೈನ್ ಇರುವ ಎಂಜಿನ್‌ಗಳಲ್ಲಿ ಅದನ್ನು ಬಿಗಿಹಿಡಿಯುವ ಟೆನ್ಷನರ್ ಕೂಡ ಹೆಚ್ಚಾಗಿ ಆಯಿಲ್ ಪ್ರೆಷರಿನಿಂದಲೇ ಕೆಲಸ ಮಾಡುತ್ತದೆ. ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ಬರುವ ಆ ಕಟಕಟ ಸದ್ದು ಎರಡು ಸೆಕೆಂಡಿನದೋ ಐದು ಸೆಕೆಂಡಿನದೋ ಅನ್ನುವುದು ಇಲ್ಲಿ ಲೆಕ್ಕಕ್ಕೆ ಬರುತ್ತದೆ.

ಹಾಗಂತ ತೆಳು ಆಯಿಲ್ ಎಲ್ಲವೂ ಎಂಜಿನ್ ಮೇಲಿನ ಪ್ರೀತಿಯಿಂದಲೇ ಬಂದಿದ್ದು ಅಂತ ಹೇಳಿದರೆ ಅದೂ ಸುಳ್ಳು. ಕಾರು ಕಂಪನಿಗಳು ಮಾರುವ ಎಲ್ಲ ಕಾರುಗಳ ಸರಾಸರಿ ಹೊಗೆಗೆ ಸರ್ಕಾರ ಮಿತಿ ಹಾಕಿದೆ. ಕೆಫೆ ನಿಯಮ ಅಂತಾರೆ ಅದಕ್ಕೆ. 2017-18ರಿಂದ ಕಿಲೋಮೀಟರಿಗೆ 130 ಗ್ರಾಂ ಇಂಗಾಲದ ಡೈಆಕ್ಸೈಡ್ ಇತ್ತು, 2022-23ರಿಂದ 113 ಗ್ರಾಂಗೆ ಇಳಿಸಿದರು. ಆಯಿಲ್ ತೆಳ್ಳಗಾದರೆ ಎಂಜಿನ್ ಒಳಗಿನ ಎಳೆತ ಕಡಿಮೆ, ಮೈಲೇಜ್ ಚೂರು ಜಾಸ್ತಿ. ಅದಕ್ಕೇ 0ಡಬ್ಲ್ಯು-20, 0ಡಬ್ಲ್ಯು-16 ಅಂತ ನೀರಿನ ಹಾಗಿರುವ ಆಯಿಲ್‌ಗಳು ಬಂದಿರುವುದು. ಅದೇ ಎಂಜಿನ್‌ಗೆ ಬೇರೆ ದೇಶದ ಪುಸ್ತಕದಲ್ಲಿ ಬೇರೆ ಗ್ರೇಡ್ ಬರೆದಿರುವುದೂ ಉಂಟು. ದಪ್ಪದ ವಿಚಾರ ಮಾತ್ರ ಆಗಿದ್ದರೆ ನಾನು ಒಂದು ಮೇಲ್ ಹಾಕಿ, ಮುಂದಿನ ಸರ್ವೀಸಿನಲ್ಲಿ ಸರಿ ಮಾಡಿ ಅಂತ ಬಿಡುತ್ತಿದ್ದೆನೋ ಏನೋ.

ತಲೆಬಿಸಿ ಇದ್ದದ್ದು ಎರಡನೇ ಭಾಗದಲ್ಲಿ. ಸಿ3 ಅನ್ನುವ ಆ ಎರಡಕ್ಷರ.

2020ರ ಏಪ್ರಿಲ್ 1ರಿಂದ ದೇಶದಲ್ಲೆಲ್ಲ ಬಿಎಸ್6 ಅನ್ನುವ ಹೊಗೆ ನಿಯಮ ಬಂತು. ಡೀಸೆಲ್ ಕಾರುಗಳಿಗೆ ಡಿಪಿಎಫ್ ಅಂಟಿಕೊಂಡಿದ್ದು ಆಗ. ಹೊಗೆಯಲ್ಲಿನ ಕರಿ ಮಸಿಯನ್ನು ಹಿಡಿದಿಟ್ಟುಕೊಳ್ಳುವ ಜಾಲರಿ ಅದು, ಒಳಗೆ ಸಣ್ಣ ಸಣ್ಣ ಓಣಿಗಳು, ಒಂದು ತುದಿ ಮುಚ್ಚಿರುತ್ತದೆ. ಮಸಿ ತುಂಬಿದಾಗ ಎಂಜಿನ್ ತಾನೇ ಒಂದಿಷ್ಟು ಡೀಸೆಲ್ ಜಾಸ್ತಿ ಸುಟ್ಟು, ಜಾಲರಿಯನ್ನು 600 ಡಿಗ್ರಿ ಹತ್ತಿರ ಕಾಯಿಸಿ, ಮಸಿಯನ್ನು ಸುಟ್ಟು ಹಾಕುತ್ತದೆ. ಸಾಗರದ ಪೇಟೆಯೊಳಗೇ ಓಡಾಡುವ ಗಾಡಿಗೆ ಅದು ಸರಿಯಾಗಿ ಆಗುವುದಿಲ್ಲ, ಬೆಂಗಳೂರು ಕಡೆ ಹೊರಟು ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡಿಸಿದಾಗ ಆಗುತ್ತದೆ. ಇದು ಡೀಸೆಲ್ ಗಾಡಿ ಇಟ್ಟುಕೊಂಡವರಿಗೆಲ್ಲ ಈಗ ಗೊತ್ತಿರುವ ವಿಷಯ.

ಆದರೆ ಸುಡುವುದು ಮಸಿ ಮಾತ್ರ, ಬೂದಿ ಸುಡುವುದಿಲ್ಲ. ಬೂದಿ ಎಲ್ಲಿಂದ ಬರುತ್ತದೆ ಅಂದರೆ ಎಂಜಿನ್ ಆಯಿಲ್‌ನಿಂದ. ಎಂಜಿನ್ ಕೊಳೆ ತೊಳೆಯಲು ಆಯಿಲ್‌ನಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಸೇರಿಸಿರುತ್ತಾರೆ. ಸವೆತ ತಡೆಯಲು ಸತು ಮತ್ತು ರಂಜಕ ಸೇರಿಸಿರುತ್ತಾರೆ. ಪಿಸ್ಟನ್ ರಿಂಗ್ ದಾಟಿ ಸ್ವಲ್ಪ ಆಯಿಲ್ ಯಾವಾಗಲೂ ಉರಿಯುತ್ತದೆ, ಹೊಸ ಎಂಜಿನ್ನಿನಲ್ಲೂ. ಹಾಗೆ ಉರಿದಾಗ ಇವು ಬೂದಿಯಾಗಿ ಜಾಲರಿಯಲ್ಲಿ ಕೂರುತ್ತವೆ, ಕೂತವು ಅಲ್ಲೇ ಇರುತ್ತವೆ. ಸಿ3 ಆಯಿಲ್‌ನಲ್ಲಿ ಈ ಬೂದಿ ನೂರಕ್ಕೆ 0.8 ಮೀರಬಾರದು ಅಂತ ಮಿತಿ ಇದೆ. ಹಳೆಯ ಡೀಸೆಲ್ ಗಾಡಿ, ಲಾರಿಗಳಿಗೆ ಅಂತ ಮಾಡಿದ ಸಿಐ-4 ಪ್ಲಸ್ ಆಯಿಲ್‌ಗಳಲ್ಲಿ ಅದು ಸಾಮಾನ್ಯವಾಗಿ ಒಂದಕ್ಕಿಂತ ಜಾಸ್ತಿ, 1.3-1.5ರ ತನಕವೂ ಇರುತ್ತದೆ. ಅದು ಕೆಟ್ಟ ಆಯಿಲ್ ಅಲ್ಲ. ನಮ್ಮ ಚಿಕ್ಕಪ್ಪನ ಜೀಪಿಗೆ, ಟ್ರ್ಯಾಕ್ಟರಿಗೆ, ತೋಟದ ಪಂಪಿಗೆ ಎಲ್ಲದಕ್ಕೂ ಒಂದೇ ಬಕೆಟ್ ಆಯಿಲ್ ನಡೆಯುತ್ತಿತ್ತು, ಯಾವುದೂ ಮುನಿಸಿಕೊಳ್ಳಲಿಲ್ಲ. ಅವುಗಳ ಸೈಲೆನ್ಸರಿನಲ್ಲಿ ಕಟ್ಟಿಕೊಳ್ಳುವಂಥದ್ದು ಏನೂ ಇರಲಿಲ್ಲ, ಅದಕ್ಕೆ.

ಇನ್ನೊಂದು ವಿಷಯ ಏನಂದರೆ, ಈ ತಪ್ಪು ನಾಳೆ ಬೆಳಿಗ್ಗೆ ಗೊತ್ತಾಗುವುದಿಲ್ಲ. ಗಾಡಿ ಓಡುತ್ತದೆ, ಪಿಕಪ್ ಇರುತ್ತದೆ, ಯಾವ ಲೈಟೂ ಹತ್ತುವುದಿಲ್ಲ. ಒಂದು ಸಲ ತಪ್ಪು ಆಯಿಲ್ ಹಾಕಿ ಮುಂದಿನ ಸರ್ವೀಸಿನ ತನಕ ಓಡಿಸಿದರೂ ಡಿಪಿಎಫ್ ಸತ್ತೇಹೋಗುತ್ತದೆ ಅಂತ ಯಾರಾದರೂ ಹೆದರಿಸಿದರೆ ನಂಬಬೇಡಿ. ಆದರೆ ಇದೇ ವರ್ಕ್‌ಶಾಪಿನಲ್ಲಿ, ಇದೇ ಕಾರಣಕ್ಕೆ, ಪ್ರತಿ ಸಲವೂ ಇದೇ ಆಯಿಲ್ ಹೋಗುತ್ತಾ ಬಂದರೆ? ಜಾಲರಿ ಬೇಗ ಕಟ್ಟಿಕೊಳ್ಳುತ್ತದೆ, ಪದೇ ಪದೇ ಲೈಟ್ ಹತ್ತುತ್ತದೆ, ಆ ಹೊತ್ತಿಗೆ ವಾರಂಟಿ ಮುಗಿದಿರುತ್ತದೆ. ಡಿಪಿಎಫ್ ಬದಲಾಯಿಸುವುದು ಲಕ್ಷದ ಲೆಕ್ಕದ ಮಾತು. ಆಗ ಅದೇ ಕೌಂಟರಿನಲ್ಲಿ ನಿಂತವರು "ಸರ್, ನೀವು ಸಿಟಿಯಲ್ಲಿ ಜಾಸ್ತಿ ಓಡಿಸಿದ್ದೀರಾ, ಅದಕ್ಕೇ" ಅಂತಾರೆ. ನೀವು ಕೂಡ ಹೌದೇನೋ ಅಂದುಕೊಳ್ಳುತ್ತೀರಿ.

ಪೆಟ್ರೋಲ್ ಕಾರಿನವರು ನಮಗೇನು ಅಂತ ಕೂರುವುದು ಬೇಡ. ಟರ್ಬೋ ಇರುವ ಡೈರೆಕ್ಟ್ ಇಂಜೆಕ್ಷನ್ ಪೆಟ್ರೋಲ್ ಎಂಜಿನ್‌ಗಳಲ್ಲಿ ಕಡಿಮೆ ಸ್ಪೀಡಿನಲ್ಲಿ ಜೋರಾಗಿ ತುಳಿದಾಗ, ಸ್ಪಾರ್ಕ್ ಬರುವ ಮೊದಲೇ ಪೆಟ್ರೋಲ್ ಹೊತ್ತಿಕೊಳ್ಳುವ ಒಂದು ಕಾಯಿಲೆ ಇದೆ, ಪಿಸ್ಟನ್ ಒಡೆಯುವಷ್ಟು. ಆಯಿಲ್‌ನಲ್ಲಿ ಕ್ಯಾಲ್ಸಿಯಂ ಜಾಸ್ತಿ ಇದ್ದರೆ ಅದು ಹೆಚ್ಚುತ್ತದೆ ಅಂತ ಗೊತ್ತಾದ ಮೇಲೆ 2018ರಲ್ಲಿ ಎಪಿಐ ಅನ್ನುವ ಅಮೆರಿಕದ ಸಂಸ್ಥೆಯವರು ಎಸ್‌ಎನ್ ಪ್ಲಸ್, 2020ರಲ್ಲಿ ಎಸ್‌ಪಿ ಅಂತ ಹೊಸ ದರ್ಜೆ ತಂದರು. ಫೋರ್ಡ್ ಇಕೋಸ್ಪೋರ್ಟಿನಲ್ಲಿ ಬಂದಿದ್ದ 1.0 ಇಕೋಬೂಸ್ಟ್ ಎಂಜಿನ್ ಇನ್ನೊಂದು ಥರ, ಅದರ ಟೈಮಿಂಗ್ ಬೆಲ್ಟ್ ಆಯಿಲ್ ಒಳಗೇ ನೆನೆದು ಓಡುತ್ತದೆ. ಆ ರಬ್ಬರಿಗೆ ಒಗ್ಗದ ಆಯಿಲ್ ಹಾಕಿದರೆ ಬೆಲ್ಟ್ ಪುಡಿಪುಡಿಯಾಗಿ ಪಂಪಿನ ಜರಡಿಗೆ ಸಿಕ್ಕಿಕೊಳ್ಳುತ್ತದೆ. ಡಬ್ಬಿಯ ಮೇಲೆ 5ಡಬ್ಲ್ಯು ಅಂತ ಇದೆಯಲ್ಲ ಅನ್ನುವುದು ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಇಷ್ಟೆಲ್ಲ ಓದಿಕೊಂಡು ವಾಪಸ್ ಶಿವಮೊಗ್ಗಕ್ಕೆ ಹೋದೆವು, ಹೆಂಡತಿಯೂ ರಜೆ ಹಾಕಿ ಬಂದಳು. ಎಪ್ಪತ್ತು ಕಿಲೋಮೀಟರ್ ಆ ಆಯಿಲ್‌ನಲ್ಲೇ ಓಡಿಸಬೇಕಲ್ಲ ಅಂತ ಮೊದಲು ಯೋಚನೆಯಾಗಿತ್ತು. ಓಡಿಸಬಹುದು, ಏನೂ ಆಗುವುದಿಲ್ಲ, ಜೋರಾಗಿ ತುಳಿಯದೆ ಹೋದರೆ ಆಯಿತು.

ವರ್ಕ್ಸ್ ಮ್ಯಾನೇಜರ್ ಕ್ಯಾಬಿನ್‌ಗೆ ಕರೆದು ಕೂರಿಸಿದರು. ಬಿಲ್ ನೋಡಿದರು, ಕಂಪ್ಯೂಟರ್ ನೋಡಿದರು, ನಕ್ಕರು. "ಸರ್, ಇದು ಬಿಲ್ಲಿಂಗ್ ಮಿಸ್ಟೇಕ್ ಅಷ್ಟೇ. ಗಾಡಿಗೆ ಹಾಕಿರೋದು ಸರಿಯಾದ ಆಯಿಲೇ. ಕಂಪ್ಯೂಟರಲ್ಲಿ ಕೋಡ್ ತಪ್ಪಾಗಿ ಬಂದಿದೆ."

ಯಾರಾದರೂ ಈ ಉತ್ತರ ಕೊಟ್ಟರೆ ಎಚ್ಚರವಾಗಿರಿ. "ತಪ್ಪು ಆಯಿಲ್ ಹಾಕಿದ್ದೇವೆ, ಏನೂ ಆಗಲ್ಲ" ಅನ್ನುವುದಕ್ಕಾದರೂ ವಾದ ಮಾಡಬಹುದು. "ಆಯಿಲ್ ಸರಿ, ಕಾಗದ ತಪ್ಪು" ಅಂದರೆ ಹೇಗೆ ನೋಡುವುದು? ಡಿಪ್‌ಸ್ಟಿಕ್ ಎಳೆದು ಬೆರಳಲ್ಲಿ ಉಜ್ಜಿದರೆ ಏನೂ ಗೊತ್ತಾಗುವುದಿಲ್ಲ. ಡೀಸೆಲ್ ಎಂಜಿನ್ನಿನಲ್ಲಿ ಹೊಸ ಆಯಿಲ್ ಕೂಡ ಬೇಗನೇ ಕಪ್ಪಾಗುತ್ತದೆ. ಲ್ಯಾಬಿಗೆ ಕಳಿಸಿದರೆ 100 ಡಿಗ್ರಿಯಲ್ಲಿ ದಪ್ಪ ಎಷ್ಟು, ಕ್ಯಾಲ್ಸಿಯಂ ಎಷ್ಟು, ಸತು ಎಷ್ಟು ಅಂತ ಹೇಳುತ್ತಾರೆ. ಆದರೆ ಅದಕ್ಕೆ ದುಡ್ಡು ಬೇಕು, ಸಮಯ ಬೇಕು. ಸ್ಯಾಂಪಲ್ ಇದೇ ಗಾಡಿಯದ್ದು ಅಂತ ಇವರು ಒಪ್ಪಲೂ ಬೇಕು.

ನನಗೆ ಏನು ಹೇಳಬೇಕೋ ತೋಚಲಿಲ್ಲ. ಹೆಂಡತಿ ಕೇಳಿದಳು, "ಆಯಿಲ್ ಬ್ಯಾರಲ್‌ನಿಂದ ಕೊಡ್ತೀರೋ, ಸೀಲ್ ಡಬ್ಬಿಯೋ?"

"ಬ್ಯಾರಲ್ ಮೇಡಂ. ಎಲ್ಲಾ ಕಡೆ ಬಲ್ಕೇ ಈಗ."

"ಹಾಗಾದ್ರೆ ಸ್ಟಾಕ್ ರಿಜಿಸ್ಟರ್ ಇರ್ಬೇಕಲ್ಲ. ನೋಡೋಣ."

ಸ್ಟೋರ್ ಇದ್ದದ್ದು ವರ್ಕ್‌ಶಾಪಿನ ಹಿಂಬದಿ, ವಾಷಿಂಗ್ ಬೇ ಪಕ್ಕ. 210 ಲೀಟರಿನ ಬ್ಯಾರಲ್‌ಗಳು ಸಾಲಾಗಿ ನಿಂತಿದ್ದವು. ಪ್ರತಿಯೊಂದರ ನೆತ್ತಿಗೆ ಒಂದು ಪಂಪ್, ಪಂಪಿನಿಂದ ಒಂದು ಪೈಪ್ ಗೋಡೆ ಹತ್ತಿ, ಗಾಡಿ ನಿಲ್ಲಿಸಿ ಕೆಲಸ ಮಾಡುವ ಬೇಗಳ ಮೇಲೆ ಹೋಗಿ, ಅಲ್ಲಿ ಸುರುಳಿ ಸುತ್ತಿದ ಹೋಸಿನ ತುದಿಗೆ ಮೀಟರ್ ಇರುವ ಗನ್. ಪೆಟ್ರೋಲ್ ಬಂಕಿನಲ್ಲಿ ಇರುತ್ತದಲ್ಲ, ಅದರ ತಮ್ಮ. ಬೇ ಮೇಲೆ ಅಂಥ ಗನ್‌ಗಳು ಒಂದರ ಪಕ್ಕ ಒಂದು ನೇತಾಡುತ್ತಿದ್ದವು, ಎಲ್ಲವೂ ಒಂದೇ ಬಣ್ಣ. ಯಾವುದು ಯಾವ ಆಯಿಲ್ ಅಂತ ಗೊತ್ತಾಗಲಿ ಅಂತ ಮಾಸ್ಕಿಂಗ್ ಟೇಪ್ ಸುತ್ತಿ ಸ್ಕೆಚ್ ಪೆನ್ನಿನಲ್ಲಿ ಬರೆದಿದ್ದರು. ಗ್ರೀಸ್ ಕೈ ತಾಗಿ ತಾಗಿ ಟೇಪ್ ಕಂದಾಗಿತ್ತು. ಒಂದರಲ್ಲಿ "30" ಅನ್ನುವುದು ಓದುವ ಹಾಗಿತ್ತು, ಇನ್ನೊಂದರಲ್ಲಿ ಮೊದಲ ಅಂಕಿಯೇ ಇರಲಿಲ್ಲ.

ಸ್ಟೋರ್ ನೋಡಿಕೊಳ್ಳುವವರು ವಯಸ್ಸಾದವರು. ಮೇಜಿನ ಮೇಲೆ ಉದ್ದದ ರಿಜಿಸ್ಟರ್, ಅದಕ್ಕೆ ದಾರದಲ್ಲಿ ಕಟ್ಟಿದ ಪೆನ್. ಬ್ಯಾರಲ್ ಲೆಕ್ಕ ತಿಂಗಳ ಕೊನೆಗೆ ತಾಳೆಯಾಗದಿದ್ದರೆ ಅವರ ತಲೆಗೇ ಬರುವುದರಿಂದ, ಕಂಪ್ಯೂಟರ್ ಏನೇ ಹೇಳಲಿ, ಯಾವ ಗಾಡಿಗೆ ಯಾವ ಗನ್‌ನಿಂದ ಎಷ್ಟು ಲೀಟರ್ ಅಂತ ಮೆಕ್ಯಾನಿಕ್ ಕೈಯಲ್ಲಿ ಅಲ್ಲೇ ಬರೆಸುತ್ತಿದ್ದರಂತೆ. ಮ್ಯಾನೇಜರ್ ಮುಖ ನೋಡಿದರು, ಮ್ಯಾನೇಜರ್ ಏನೂ ಹೇಳಲಿಲ್ಲ. ಅವರು ಬೆರಳು ಇಟ್ಟು ಕೆಳಗೆ ಬಂದರು. ನಮ್ಮ ಗಾಡಿಯ ನಂಬರಿನ ಕೊನೆಯ ನಾಲ್ಕಂಕಿ, ಮುಂದೆ ಲೀಟರ್, ಅದರ ಮುಂದೆ 15ಡಬ್ಲ್ಯು-40.

"ಬಿಲ್ ಸರಿಯಾಗೇ ಇದೆ ಸ್ವಾಮಿ" ಅಂದರು. ಪಾಪ, ಅವರ ಲೆಕ್ಕದಲ್ಲಿ ಅದು ಒಳ್ಳೆಯ ಸುದ್ದಿ.

ಆಮೇಲೆ ತಪ್ಪು ಎಲ್ಲಾಯಿತು ಅನ್ನುವುದು ಹೊರಗೆ ಬರಲು ಜಾಸ್ತಿ ಹೊತ್ತು ಬೇಕಾಗಲಿಲ್ಲ. ಇದೇ ಹೆಸರಿನ ಕಾರು ಬಿಎಸ್4ರಲ್ಲೂ ಇತ್ತು. ಜಾಬ್ ಕಾರ್ಡ್ ತೆರೆಯುವಾಗ ಮಾಡೆಲ್ ಆರಿಸುವ ಪಟ್ಟಿಯಲ್ಲಿ ಎರಡೂ ಒಂದರ ಕೆಳಗೆ ಒಂದು. ಬೆಳಿಗ್ಗೆ ಒಂಬತ್ತೂವರೆಗೆ ಗೇಟಿನಲ್ಲಿ ಗಾಡಿಗಳ ಸಾಲು ಇರುವಾಗ ಹುಡುಗ ಮೇಲಿನದ್ದನ್ನು ಒತ್ತಿದ್ದಾನೆ. ಕಂಪ್ಯೂಟರ್ ಹಳೆಯ ಗಾಡಿಯ ಪ್ಯಾಕೇಜ್ ತಂದು ಹಾಕಿದೆ. ಮೆಕ್ಯಾನಿಕ್ ಜಾಬ್ ಕಾರ್ಡಿನಲ್ಲಿ ಇದ್ದದ್ದನ್ನು ಹಾಕಿದ್ದಾನೆ. ಫ್ಲೋರ್ ಇನ್‌ಚಾರ್ಜ್ ಟಿಕ್ ಮಾಡಿದ್ದಾರೆ. ಎಲ್ಲರೂ ಕಾಗದದ ಪ್ರಕಾರವೇ ನಡೆದುಕೊಂಡಿದ್ದಾರೆ, ಆಯಿಲ್ ಫಿಲ್ಲರ್ ಮುಚ್ಚಳದ ಮೇಲೆ 5ಡಬ್ಲ್ಯು-30 ಅಂತ ಅಚ್ಚಾಗಿದ್ದನ್ನು ಯಾರೂ ನೋಡಿಲ್ಲ.

ಹುಡುಗನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವನಿಗೆ ತಿಂಗಳಿಗೆ ಇಷ್ಟು ಎಂಜಿನ್ ಫ್ಲಶ್ ಮಾರಬೇಕು, ಇಷ್ಟು ಎಸಿ ಕ್ಲೀನಿಂಗ್, ಇಷ್ಟು ಅಂಡರ್‌ಬಾಡಿ ಕೋಟಿಂಗ್ ಅಂತ ಟಾರ್ಗೆಟ್ ಇರುತ್ತದೆ. ಇನ್ಸೆಂಟಿವ್ ಬರುವುದು ಅದರ ಮೇಲೆ. ಸರಿಯಾದ ಆಯಿಲ್ ಹೋಯಿತೋ ಇಲ್ಲವೋ ಅನ್ನುವುದಕ್ಕೆ ಟಾರ್ಗೆಟ್ಟೂ ಇಲ್ಲ, ಇನ್ಸೆಂಟಿವ್ವೂ ಇಲ್ಲ. ಯಾವುದನ್ನು ಎಣಿಸುತ್ತಾರೋ ಅದರ ಕಡೆಗೇ ಅವನ ಕಣ್ಣು ಇರುತ್ತದೆ, ಯಾರಿಗಾದರೂ ಅಷ್ಟೇ.

ಆಯಿಲ್ ಬದಲಾಯಿಸುವುದಕ್ಕೆ ತಕರಾರು ಬರಲಿಲ್ಲ, ಅದನ್ನು ಒಪ್ಪಬೇಕು. ಎಂಜಿನ್ ಬಿಸಿ ಇದ್ದಾಗಲೇ ಚೇಂಬರ್ ಬೋಲ್ಟ್ ತೆಗೆದು ಪೂರ್ತಿ ಹನಿ ನಿಲ್ಲುವ ತನಕ ಇಳಿಸಿದರು. ಫಿಲ್ಟರ್ ಮೊನ್ನೆಯದೇ ಅಲ್ವಾ, ಇರಲಿ ಅಂದರು. ಬೇಡ, ಅದರೊಳಗೂ ಹಳೆ ಆಯಿಲ್ ನಿಂತಿರುತ್ತದೆ, ಹೊಸದು ಹಾಕಿ ಅಂದೆ. ಬೋಲ್ಟಿನ ವಾಷರ್ ಕೂಡ ಹೊಸದು. "ಸರ್, ಫ್ರೀಯಾಗಿ ಒಂದು ಎಂಜಿನ್ ಫ್ಲಶ್ ಮಾಡಿಕೊಡ್ತೀವಿ" ಅಂತ ಮ್ಯಾನೇಜರ್ ಉದಾರವಾಗಿ ಹೇಳಿದರು. ಫ್ಲಶ್ ಅಂದರೆ ಆಯಿಲನ್ನು ತೆಳ್ಳಗೆ ಮಾಡಿ ಕೊಳೆ ಕರಗಿಸುವ ದ್ರಾವಣ, ಎಷ್ಟೇ ಇಳಿಸಿದರೂ ಒಂದಿಷ್ಟು ಒಳಗೆ ಉಳಿದು ಹೊಸ ಆಯಿಲ್ ಜೊತೆ ಸೇರುತ್ತದೆ. ಮೊನ್ನೆ ಹಾಕಿದ ಆಯಿಲ್ ಕೊಳೆಯೂ ಆಗಿಲ್ಲ, ಬೇಡ ಅಂದೆ. ಹೊಸ ಆಯಿಲ್ ಮಾತ್ರ ಬ್ಯಾರಲ್‌ನಿಂದ ಬೇಡ, ಸೀಲ್ ಇರುವ ಡಬ್ಬಿ ತನ್ನಿ ಅಂತ ಹಟ ಹಿಡಿದೆ. ಸ್ಟೋರಿನವರೇ ಎಲ್ಲಿಂದಲೋ ಹುಡುಕಿ ತಂದರು. ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಸಿ3 ಅಂತ ಇದೆಯಾ ಅಂತ ಹೆಂಡತಿ ಕನ್ನಡಕ ಏರಿಸಿ ನೋಡಿದಳು. ಸುರಿದ ಮೇಲೆ ಸ್ಟಾರ್ಟ್ ಮಾಡಿ, ಆಫ್ ಮಾಡಿ, ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿದೆವು. ಮೇಲಿನ ಗೆರೆ ದಾಟಬಾರದು. ಆಯಿಲ್ ಜಾಸ್ತಿಯಾದರೆ ಕ್ರ್ಯಾಂಕ್ ಅದನ್ನು ಕಡೆದು ನೊರೆ ಮಾಡುತ್ತದೆ, ಅದೂ ಒಂದು ತಪ್ಪೇ. ಇಳಿಸಿದ ಆಯಿಲ್‌ನಲ್ಲಿ ಒಂದು ಸಣ್ಣ ಬಾಟಲಿ ತುಂಬಿಸಿಕೊಂಡು, ಅದರ ಮೇಲೆ ಗಾಡಿ ನಂಬರ್, ತಾರೀಕು ಬರೆದು ಮ್ಯಾನೇಜರ್ ಕೈಯಲ್ಲಿ ಸಹಿ ಹಾಕಿಸಿಕೊಂಡೆವು. ಅವರಿಗೆ ಅದು ಇಷ್ಟವಾಗಲಿಲ್ಲ.

ನಿಜವಾದ ಜಗ್ಗಾಟ ಶುರುವಾಗಿದ್ದು ಕೆಲಸ ಮುಗಿದ ಮೇಲೆ. ಮ್ಯಾನೇಜರ್ ಹೇಳಿದರು, "ಆ ಬಿಲ್ ಕೊಡಿ ಸರ್, ಕ್ಯಾನ್ಸಲ್ ಮಾಡಿ ಅದೇ ಡೇಟಿಗೆ ಸರಿಯಾದ ಆಯಿಲ್ ಹಾಕಿ ಹೊಸ ಬಿಲ್ ಕೊಡ್ತೀನಿ. ವ್ಯತ್ಯಾಸದ ದುಡ್ಡು ಬೇಡ. ವೀಲ್ ಅಲೈನ್‌ಮೆಂಟ್, ವಾಷಿಂಗ್ ಎಲ್ಲಾ ನಮ್ಮ ಕಡೆಯಿಂದ."

ನನಗೆ ಮೊದಲು ಇದು ಚೆನ್ನಾಗೇ ಕೇಳಿಸಿತು. ಆಯಿಲ್ ಸರಿಯಾಯಿತು, ಕಾಗದವೂ ಸರಿಯಾಗುತ್ತದೆ, ಇನ್ನೇನು ಬೇಕು. ಹೆಂಡತಿ ಬಿಲ್ ಬಿಡಲಿಲ್ಲ.

"ನಮ್ಮ ಬ್ಯಾಂಕಲ್ಲಿ ತಪ್ಪು ಎಂಟ್ರಿ ಆದ್ರೆ ಅಳಿಸೋದಿಲ್ಲ ಸರ್. ರಿವರ್ಸಲ್ ಎಂಟ್ರಿ ಹಾಕ್ತೀವಿ. ತಪ್ಪಾಗಿದ್ದೂ ಕಾಣ್ಬೇಕು, ಸರಿ ಮಾಡಿದ್ದೂ ಕಾಣ್ಬೇಕು. ಹೊಸದಾಗಿ ಇವತ್ತಿನ ತಾರೀಕಿಗೆ ಒಂದು ಜಾಬ್ ಕಾರ್ಡ್ ತೆಗೀರಿ. ಮೊನ್ನೆ ಈ ಆಯಿಲ್ ಹೋಗಿತ್ತು, ಇಷ್ಟು ಕಿಲೋಮೀಟರ್ ಓಡಿದೆ, ಇವತ್ತು ತೆಗೆದು ಇದನ್ನು ಹಾಕಿದ್ದೇವೆ ಅಂತ ಬರೀರಿ. ಹಳೇ ಬಿಲ್ ಹಾಗೇ ಇರ್ಲಿ."

"ಮೇಡಂ, ಹಾಗೆಲ್ಲ ಬರೆದುಕೊಡೋಕೆ ಹೆಡ್ ಆಫೀಸ್ ಪರ್ಮಿಷನ್ ಬೇಕಾಗುತ್ತೆ."

"ತಗೊಳ್ಳಿ. ನಾವು ಕೂತಿರ್ತೀವಿ."

ಕೂತೆವು. ಕಾಫಿ ಬಂತು, ಇನ್ನೊಂದು ಸಲ ಬಂತು. ಯೋಚನೆ ಮಾಡುತ್ತಾ ಹೋದ ಹಾಗೆ ಅವಳು ಹೇಳಿದ್ದು ಎಷ್ಟು ಸರಿ ಅನ್ನಿಸಿತು. ಬಿಲ್ ಬದಲಾದರೆ ಕಾರಿನ ಸರ್ವೀಸ್ ಹಿಸ್ಟರಿಯಲ್ಲಿ ಈ ಘಟನೆ ನಡೆದೇ ಇಲ್ಲ. ನಾಳೆ ಎಂಜಿನ್ನಿನಲ್ಲೋ ಡಿಪಿಎಫ್‌ನಲ್ಲೋ ಏನಾದರೂ ಬಂದರೆ ಹೇಳಿಕೊಳ್ಳಲು ನಮ್ಮ ಹತ್ತಿರ ಬಾಯಿ ಮಾತು ಬಿಟ್ಟು ಏನಿರುತ್ತದೆ? ಅದಕ್ಕಿಂತ ಜಾಸ್ತಿ, ಆ ವರ್ಕ್‌ಶಾಪಿನ ಲೆಕ್ಕದಲ್ಲೂ ತಪ್ಪು ನಡೆದಿಲ್ಲ. ಆಗದೇ ಇದ್ದ ತಪ್ಪನ್ನು ಯಾರು ಸರಿ ಮಾಡುತ್ತಾರೆ, ಆ ಮಾಸಿದ ಟೇಪ್ ಯಾರು ಬದಲಾಯಿಸುತ್ತಾರೆ? ತಪ್ಪು ಆಯಿಲ್‌ಗಿಂತ ಆ ಹೊಸ ಬಿಲ್ಲೇ ಕೆಟ್ಟದ್ದು ಅಂತ ನಾನು ಈಗಲೂ ಹೇಳುತ್ತೇನೆ, ಅವರು ಒಳ್ಳೆಯ ಮನಸ್ಸಿನಿಂದಲೇ ಕೊಡಲು ಬಂದಿದ್ದರೂ.

ಗ್ರಾಹಕರ ಆಯೋಗದ ವಿಚಾರವನ್ನೂ ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ "ಕೇಸ್ ಹಾಕ್ತೀನಿ" ಅಂತ ಕೂಗಾಡುವವರು ಜಾಸ್ತಿ, ಏನು ಅಂತ ತಿಳಿದವರು ಕಡಿಮೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಇಂಥದ್ದು ಸೇವಾ ನ್ಯೂನತೆ ಅಂತ ಆಗುತ್ತದೆ. ಘಟನೆ ನಡೆದ ಎರಡು ವರ್ಷದೊಳಗೆ ಜಿಲ್ಲಾ ಆಯೋಗಕ್ಕೆ ದೂರು ಕೊಡಬೇಕು. ನೀವು ಕೊಟ್ಟ ಹಣ 5 ಲಕ್ಷದೊಳಗೆ ಇದ್ದರೆ ಶುಲ್ಕ ಇಲ್ಲ, ವಕೀಲರು ಬೇಕೇ ಬೇಕು ಅಂತಲೂ ಇಲ್ಲ. ಅದಕ್ಕೂ ಮೊದಲು 1915ಕ್ಕೆ ಫೋನ್ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ಬರೆಸಬಹುದು, ಎಷ್ಟೋ ಸಲ ಕಂಪನಿಯವರು ಅಷ್ಟಕ್ಕೇ ಎಚ್ಚೆತ್ತುಕೊಳ್ಳುತ್ತಾರೆ. ಆದರೆ ಎಲ್ಲಿಗೆ ಹೋದರೂ ಕೇಳುವುದು ಕಾಗದ. ಬಿಲ್, ಜಾಬ್ ಕಾರ್ಡ್, ಮೇಲ್. ನಾವು ಕೇಸಿಗೆ ಹೋಗಲಿಲ್ಲ, ಹೋಗಬೇಕಾದ ನಷ್ಟ ಆಗಿರಲಿಲ್ಲ. ಬೇಕಾಗಿದ್ದದ್ದು ಆ ಎರಡು ಸಾಲು.

ಮಧ್ಯಾಹ್ನದ ಊಟದ ಹೊತ್ತು ಮೀರಿದ ಮೇಲೆ ಎರಡು ಸಾಲು ಬಂತು. ಹೊಸ ಜಾಬ್ ಕಾರ್ಡಿನಲ್ಲಿ, ಹಳೆ ಜಾಬ್ ಕಾರ್ಡಿನ ನಂಬರ್ ಹಾಕಿ, ಓಡೋಮೀಟರ್ ಅಂಕಿ ಹಾಕಿ, ನಿಗದಿಯಲ್ಲದ ಗ್ರೇಡಿನ ಆಯಿಲ್ ಹಾಕಲಾಗಿತ್ತು, ಫಿಲ್ಟರ್ ಸಮೇತ ಬದಲಾಯಿಸಲಾಗಿದೆ, ಗ್ರಾಹಕರಿಂದ ಹಣ ಪಡೆದಿಲ್ಲ ಅಂತ. ವಾರಂಟಿಗೆ ಇದರಿಂದ ಬಾಧೆ ಇಲ್ಲ ಅನ್ನುವ ಮಾತನ್ನು ಜಾಬ್ ಕಾರ್ಡಿನಲ್ಲಿ ಬರೆಯಲು ಒಪ್ಪಲಿಲ್ಲ, ಮೇಲ್‌ನಲ್ಲಿ ಕಳಿಸಿದರು. ಮೇಲ್ ಆದರೂ ಆಯಿತು. ಹೊರಡುವಾಗ ಸ್ಟೋರಿನವರು ಗನ್ ಕೆಳಗೆ ಸ್ಟೂಲ್ ಹಾಕಿಕೊಂಡು ಹಳೆ ಟೇಪ್ ಕೆರೆಯುತ್ತಿದ್ದರು. ಯಾರಾದರೂ ಹೇಳಿದ್ದರೋ, ಅವರೇ ಶುರು ಮಾಡಿದ್ದೋ, ಕೇಳಲಿಲ್ಲ.

ಒಂದೆರಡು ದಿನ ಕಳೆದು ಫೀಡ್‌ಬ್ಯಾಕ್ ಕಾಲ್ ಬಂತು. ಅದಕ್ಕೆ ಮುಂಚೆಯೇ ಅಡ್ವೈಸರ್ ಹುಡುಗ ಮೆಸೇಜ್ ಹಾಕಿದ್ದ, "ಸರ್ ಪ್ಲೀಸ್, 10ಕ್ಕೆ 10 ಕೊಡಿ ಸರ್, 9 ಕೊಟ್ಟರೂ ನನ್ನ ಇನ್ಸೆಂಟಿವ್ ಹೋಗುತ್ತೆ" ಅಂತ. ಕಾಲ್ ಮಾಡಿದ ಹುಡುಗಿ ಒಂದೇ ಉಸಿರಿಗೆ ಕೇಳಿದಳು: ಗಾಡಿ ತೊಳೆದಿದ್ದು ಹೇಗಿತ್ತು, ಹೇಳಿದ ಟೈಮಿಗೆ ಕೊಟ್ಟರಾ, ಅಡ್ವೈಸರ್ ನಗುತ್ತಾ ಮಾತಾಡಿದರಾ, ಒಟ್ಟಾರೆ ಹತ್ತಕ್ಕೆ ಎಷ್ಟು.

"ಆ ಹುಡುಗನಿಗೆ 10 ಬರ್ಕೊಳ್ಳಮ್ಮ. ವರ್ಕ್‌ಶಾಪಿಗೆ 2. ತಪ್ಪು ಆಯಿಲ್ ಹಾಕಿದ್ರು ಅಂತ ಕಾರಣ ಬರಿ."

"ಸರ್, ಆಯಿಲ್ ಬಗ್ಗೆ ಇಲ್ಲಿ ಕಾಲಂ ಇಲ್ಲ ಸರ್. ನಂಬರ್ ಕೂಡ ಒಂದೇ ಹಾಕೋಕಾಗೋದು. ಎಷ್ಟು ಹಾಕ್ಲಿ?"

ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು. ಕೊನೆಗೆ ಕಸ್ಟಮರ್ ಫೋನ್ ಎತ್ತಲಿಲ್ಲ ಅಂತ ಬರ್ಕೊಳ್ಳಮ್ಮ ಅಂದೆ. ಅದಕ್ಕೆ ಕಾಲಂ ಇತ್ತು.